ಎಮಿಲ್ ಕೊವಾರಿಕ್ ಮತ್ತು ಅವನ ಹಿಂದಿನವನು

ಎಮಿಲ್ ಕೊವಾರಿಕ್ ಕುರ್ಚಿಯ ಮೇಲೆ ಕುಳಿತದ್ದನ್ನು ಕಂಡವರು ನಮ್ಮೂರಿನಲ್ಲಿ ಬಹಳ ಕಡಿಮೆ. ಅವನು ಊಟಕ್ಕೂ ನಿಲ್ಲುತ್ತಿದ್ದ, ಕಾಫಿಗೂ ನಿಲ್ಲುತ್ತಿದ್ದ, ಇಸ್ಪೀಟಾಟದಲ್ಲಿ ಉಳಿದವರ ತಲೆಯ ಮೇಲಿಂದ ತನ್ನ ಎಲೆಯನ್ನು ಮೇಜಿಗೆ ಬೀಳಿಸಿ ನಿಂತೇ ಗೆಲ್ಲುತ್ತಿದ್ದ. ಭಾನುವಾರ ಚರ್ಚಿನಲ್ಲಿ ಹಿಂದಿನ ಗೋಡೆಗೆ ಒರಗಿ, ಎಲ್ಲರೂ ಮೊಣಕಾಲೂರುವ ಹೊತ್ತಿಗೆ ತಾನು ತಲೆಯನ್ನಷ್ಟೇ ಬಾಗಿಸಿ, ದೇವರೊಡನೆ ಖಾಸಗಿಯಾಗಿ ಏನೋ ಒಪ್ಪಂದ ಮಾಡಿಕೊಂಡವನಂತೆ ಕಾಣುತ್ತಿದ್ದ. ನಮ್ಮೂರ ಕ್ಷೌರಿಕ ಕುಳ್ಳಗಿನ ಮನುಷ್ಯ. ಅವನು ಹಾಲಿನ ಪೆಟ್ಟಿಗೆಯೊಂದನ್ನು ಹತ್ತಿ ನಿಂತು, ನಿಂತಿದ್ದ ಎಮಿಲನ ಕೂದಲನ್ನು ಕತ್ತರಿಸುತ್ತಿದ್ದುದನ್ನು ನಾನೇ ಕಿಟಕಿಯ ಗಾಜಿನಾಚೆಯಿಂದ ನೋಡಿದ್ದೇನೆ. ಹೊಸಬರು ಇವನಿಗೆ ಅಹಂಕಾರವಿರಬೇಕೆಂದೋ ಅವಸರವಿರಬೇಕೆಂದೋ ತಿಳಿಯುತ್ತಿದ್ದರು. ಎರಡೂ ಅವನ ಸ್ವಭಾವದಲ್ಲಿರಲಿಲ್ಲ. ವಿಚಿತ್ರವೆಂದರೆ ಅವನ ಕಸುಬೇ ಕೂರುವುದು. ನೆಬ್ರಾಸ್ಕದ ನಮ್ಮ ಊರಿನಿಂದ ಒಮ್ಮೆ ಈ ಸಮುದ್ರಕ್ಕೆ, ಮತ್ತೊಮ್ಮೆ ಆ ಸಮುದ್ರಕ್ಕೆ ಲಾರಿ ಓಡಿಸುವವನು ಅವನು. ಈ ವಿರೋಧಾಭಾಸವನ್ನು ನಾನೊಮ್ಮೆ ಎತ್ತಿದಾಗ ಅವನು ಕಾಫಿಯ ಲೋಟವನ್ನು ಕೆಳಗಿಡದೆಯೇ ಉತ್ತರ ಕೊಟ್ಟ:

"ಕೂರೋದಕ್ಕೆ ನಂಗೆ ಸಂಬಳ ಕೊಡ್ತಾರೆ ಮೇಷ್ಟ್ರೇ. ಪುಕ್ಕಟೆ ಯಾಕೆ ಕೂರ್ಲಿ?"

ಮೇಷ್ಟರೆಂದು ಅವನು ನನ್ನನ್ನು ಕರೆಯುತ್ತಿದ್ದುದಕ್ಕೆ ಕಾರಣವಿತ್ತು. ಅವನಿಗೂ ಅವನ ಗೆಳೆಯ ಡೆಲ್‌ಬರ್ಟ್ ಸ್ಟ್ರೋನಿಗೂ ಒಂದೇ ಕೋಣೆಯಲ್ಲಿ ಭೂಗೋಳ ಕಲಿಸಿದವನು ನಾನು. ನಾನು ನಕ್ಷೆಯ ಮೇಲೆ ಬೆತ್ತವಿಟ್ಟು ತೋರಿಸಿದ ಬೆಟ್ಟಗಳನ್ನೂ ಕಣಿವೆಗಳನ್ನೂ ಅವರಿಬ್ಬರು ಮುಂದೆ ಗೇರು ಬದಲಿಸುತ್ತ ಹತ್ತಿ ಇಳಿದರು. ನಾನು ಮಾತ್ರ ಪ್ಲಾಟ್ ನದಿಯ ದಡವನ್ನು ಬಿಟ್ಟು ಹೆಚ್ಚು ದೂರ ಹೋದವನಲ್ಲ. ಶಾಲೆಯಲ್ಲಿದ್ದಾಗ ಎಮಿಲ್ ಎಲ್ಲರಂತೆ ನೆಟ್ಟಗೆ ಕೂರುತ್ತಿದ್ದ. ನಿಲ್ಲುವ ವ್ರತ ಆಮೇಲಿನದು. ಹದಿನೈದು ಇಪ್ಪತ್ತು ವರ್ಷ ಲಾರಿಯ ಸೀಟು ಅಡಿಯಿಂದ ಗುದ್ದುತ್ತ ಹೋದಂತೆ ಅವನ ನಡುವಿನಲ್ಲಿ ಒಂದು ನೋವು ಬಂದು ಮನೆ ಮಾಡಿತು. ಅದನ್ನು ಅವನು ನೋವೆಂದು ಕರೆಯುತ್ತಿರಲಿಲ್ಲ. 'ಹಿಂದಿನೋನು' ಎನ್ನುತ್ತಿದ್ದ, ಲಾರಿಯಲ್ಲಿ ತನ್ನ ಬೆನ್ನ ಹಿಂದೆ ಮಲಗಿ ಬರುತ್ತಿರುವ ಜೊತೆಗಾರನೊಬ್ಬನ ವಿಷಯ ಹೇಳುವಂತೆ. "ಹಿಂದಿನೋನು ಇವತ್ತು ಸುಮ್ನಿದಾನೆ" ಎಂದರೆ ಎಮಿಲನಿಗೆ ಒಳ್ಳೆಯ ದಿನ. "ಹಿಂದಿನೋನಿಗೆ ಮಿಸೌರಿ ರಸ್ತೆ ಹಿಡಿಸಲಿಲ್ಲ" ಎಂದರೆ ಆ ದಿನ ಅವನನ್ನು ಹೆಚ್ಚು ಮಾತನಾಡಿಸಬಾರದು ಎಂದು ಅರ್ಥ.

ಅವನ ನಡಿಗೆಯೂ ನೋಡತಕ್ಕದ್ದೇ. ಮೊದಲು ಬಲಗಾಲನ್ನು ಮುಂದಿಟ್ಟು, ನೆಲದ ಒಪ್ಪಿಗೆಯನ್ನು ಕೇಳಿ, ಆಮೇಲೆ ದೊಡ್ಡ ಬೀರುವನ್ನು ಸರಿಸುವವರಂತೆ ಸೊಂಟದಿಂದ ಮೇಲಿನದನ್ನೆಲ್ಲ ಒಂದೇ ತುಂಡಾಗಿ ತಿರುಗಿಸಿಕೊಂಡು ಮುಂದೆ ಬರುತ್ತಿದ್ದ. ಯಾರಾದರೂ ಹಿಂದಿನಿಂದ ಕರೆದರೆ ಕತ್ತನ್ನು ತಿರುಗಿಸುತ್ತಿರಲಿಲ್ಲ. ಪೂರ್ತಿ ಮನುಷ್ಯನೇ ಸುತ್ತಿ ಬರಬೇಕಿತ್ತು. ಚಳಿಗಾಲವಿರಲಿ ಬೇಸಿಗೆಯಿರಲಿ, ಮಾಸಿದ ಕಂದುಬಣ್ಣದ ಕ್ಯಾನ್ವಾಸ್ ಕೋಟೊಂದು ಅವನ ಮೈಮೇಲೆ ಇರುತ್ತಿತ್ತು. ಅವನ ಹೆಂಡತಿ ಲಾವೋನ್ ಆ ಕೋಟಿನ ಒಳಗಡೆ, ಸರಿಯಾಗಿ ನಡುವಿನ ಮೇಲೆ, ಅಗಲವಾದ ಜೇಬೊಂದನ್ನು ಹೊಲಿದುಕೊಟ್ಟಿದ್ದಳು. ಬೆಳಗ್ಗೆ ಒಣ ಮೆಕ್ಕೆಜೋಳ ತುಂಬಿದ ಬಟ್ಟೆಯ ಚೀಲವನ್ನು ಒಲೆಯಲ್ಲಿ ಬಿಸಿ ಮಾಡಿ ಅದರೊಳಗಿಟ್ಟು ಕಳುಹಿಸುವಳು. ಹೀಗಾಗಿ ಎಮಿಲ್ ಬಾಗಿಲಲ್ಲಿ ಕಾಣಿಸುವ ಮೊದಲೇ ಹುರಿದ ಜೋಳದ ಸುವಾಸನೆ ಬಂದು ಅವನ ಆಗಮನವನ್ನು ಸಾರುತ್ತಿತ್ತು. ಹೆದ್ದಾರಿ ಬದಿಯ ಲಾರಿ ಹೋಟೆಲಿನ ನಾಯಿ ಅವನ ಕೋಟಿನ ಹಿಂದೆ ಹಿಂದೆಯೇ ಭಕ್ತಿಯಿಂದ ನಡೆಯುತ್ತಿತ್ತು.

ಆ ಹೋಟೆಲಿನ ಕಿಟಕಿಯ ಪಕ್ಕದ ದುಂಡುಮೇಜಿನಲ್ಲಿ ನಿವೃತ್ತನಾದ ಮೇಲೆ ನನಗೂ ಒಂದು ಜಾಗ ದೊರೆತಿತ್ತು. ಊರಿನಲ್ಲಿ ಉಳಿದ ದಿನಗಳಲ್ಲಿ ಡ್ರೈವರುಗಳು ಅಲ್ಲಿ ಸೇರಿ, ಎಲೆಕೋಸು ಮಾಂಸ ತುಂಬಿದ ಬಿಸಿ ಬನ್ನುಗಳನ್ನು ಮುರಿಯುತ್ತ ತಮ್ಮ ಗಾಯಗಳನ್ನು, ಯುದ್ಧದಿಂದ ಮರಳಿದವರು ಪದಕಗಳನ್ನು ತೋರಿಸುವಂತೆ, ಮೇಜಿನ ಮೇಲೆ ಹರಡುತ್ತಿದ್ದರು. ಸೀಟಿನ ಕುಲುಕಾಟಕ್ಕೆ ಸವೆದ ಬೆನ್ನು, ಕ್ಯಾಬಿನ್ನಿನಿಂದ ನೆಲಕ್ಕೆ ಧುಮುಕಿ ಧುಮುಕಿ ಕೆಟ್ಟ ಮೊಣಕಾಲು, ಸರಪಳಿ ಬಿಗಿಯುವ ಸನ್ನೆಗೋಲು ಜಾರಿ ಬಡಿದ ದವಡೆ, ಹೀಗೆ. ಆ ಸಭೆಗೆ ಡೆಲ್‌ಬರ್ಟನೇ ಅಧ್ಯಕ್ಷ.

"ಈ ಭುಜ ವ್ಯೋಮಿಂಗ್‌ದು ಮೇಷ್ಟ್ರೇ. ಮೊಣಕಾಲು ಟೆನೆಸಿದು. ಕತ್ತೊಂದು ನಮ್ಮೂರ್ದು, ಹೆಂಡ್ತಿ ಕೂಗಿದ್ಲು ಅಂತ ತಿರುಗಿ ನೋಡಿದ್ದಕ್ಕೆ ಹಿಡ್ಕೊಂಡಿದ್ದು."

"ನೀನು ಪೂರ್ತಿಯಾಗಿ ಯಾವ ರಾಜ್ಯದಲ್ಲೂ ಸಿಗಲ್ಲ ಬಿಡೋ" ಎಂದು ಗೋಡೆಯ ಕಡೆಯಿಂದ ಎಮಿಲ್ ಹೇಳಿದ.

"ನಿಂತ್ಕೊಂಡು ಮಾತಾಡೋನಿಗೆ ಎಲ್ಲಾ ಸುಲಭ. ಕೂತ್ಕೊಂಡು ಹೇಳು ನೋಡೋಣ."

ಎಮಿಲನೂ ಡೆಲ್‌ಬರ್ಟನೂ ಓಡಿಸುತ್ತಿದ್ದುದು ಗೋಡೆಯಿಲ್ಲದ, ಚಾವಣಿಯಿಲ್ಲದ, ಬರಿಯ ಹಲಗೆಹಾಸಿನ ಉದ್ದನೆಯ ಟ್ರೇಲರುಗಳನ್ನು. ಉಕ್ಕು, ಮರದ ದಿಮ್ಮಿ, ಒಕ್ಕಲು ಯಂತ್ರಗಳನ್ನು ಅದರ ಮೇಲೆ ಹೇರಿ, ಸರಪಳಿಯಿಂದ ಬಿಗಿದು, ಮಳೆ ಹಿಮ ತಾಗದಂತೆ ಮೇಲೆ ಟಾರ್ಪಾಲು ಹೊದಿಸಿ ಒಯ್ಯಬೇಕು. ಮುಚ್ಚಿದ ಪೆಟ್ಟಿಗೆಯಂಥ ಲಾರಿಗಳನ್ನು ಓಡಿಸುವವರನ್ನು ಇವರು 'ಬಾಗಿಲು ಕಾಯೋರು' ಎಂದು ಹೀಗಳೆಯುತ್ತಿದ್ದರು. ಅವರಿಗಿರುವ ಶ್ರಮವೆಲ್ಲ ಬಾಗಿಲನ್ನು ತೆರೆದು ಮುಚ್ಚುವುದಷ್ಟೇ ಎಂದು ಇವರ ಅಭಿಪ್ರಾಯ. ಟಾರ್ಪಾಲು ಎಂದರೆ ನಮ್ಮ ಮನೆಯಂಗಳದಲ್ಲಿ ಕಾಳು ಒಣಗಿಸುವ ಹಾಳೆಯಲ್ಲ. ಸುತ್ತಿಟ್ಟರೆ ಬೆಳೆದ ಕರುವಿನಷ್ಟು ತೂಗುತ್ತದೆ, ಬಿಚ್ಚಿದರೆ ಒಂದು ಮನೆಯನ್ನು ಮುಚ್ಚುತ್ತದೆ. ಅದನ್ನು ಹೆಗಲ ಮೇಲೆ ಹೊತ್ತು, ಹೊರೆಯ ನೆತ್ತಿಗೆ ಎಸೆದು, ತಾನೂ ಮೇಲೆ ಹತ್ತಿ, ಅಂಚನ್ನು ಹಿಡಿದು ಹಿಂದೆ ಹಿಂದೆ ನಡೆಯುತ್ತ ಬಿಚ್ಚಿಕೊಂಡು ಹೋಗಬೇಕು. ಈ ಕೆಲಸದಲ್ಲಿ ಅವರಿಗೆ ಎರಡು ಕಟ್ಟಳೆಗಳಿದ್ದವು. ಯಾರೂ ಬರೆದಿಟ್ಟವಲ್ಲ, ಆದರೆ ಎಲ್ಲರಿಗೂ ಗೊತ್ತು. ಒಂದು, ತನ್ನ ಟಾರ್ಪಾಲಿಗೆ ಕೈ ಹಾಕೆಂದು ಇನ್ನೊಬ್ಬನನ್ನು ಕೇಳಕೂಡದು. ಎರಡನೆಯದು, ಎಂಥ ಗಾಳಿ ಬಂದರೂ ಹಿಡಿದ ಅಂಚನ್ನು ಬಿಡಕೂಡದು. ಹಿಂದೊಮ್ಮೆ ಬಿಟ್ಟವನೊಬ್ಬನಿಗೆ ಅವನು ನಿವೃತ್ತನಾಗುವವರೆಗೂ 'ಗಾಳಿಪಟ' ಎಂಬ ಹೆಸರೇ ನಿಂತಿತು. ಅವನ ನಿಜನಾಮ ನನಗೆ ತಿಳಿದದ್ದು ಅವನ ಗೋರಿಯ ಕಲ್ಲಿನ ಮೇಲೆ.

ತನಗೆ ಐವತ್ತು ದಾಟಿದ ಎರಡನೆಯ ವಸಂತದಲ್ಲಿ, ಇಂಡಿಯಾನ ರಾಜ್ಯದ ಒಂದು ಉಕ್ಕಿನ ಕಾರ್ಖಾನೆಯ ಅಂಗಳದಲ್ಲಿ, ಎಮಿಲ್ ಬಿಡಲಿಲ್ಲ.

ಪಕ್ಕದಲ್ಲೇ ಹೊರೆ ತುಂಬಿಕೊಳ್ಳುತ್ತಿದ್ದ ಡೆಲ್‌ಬರ್ಟ್ ಅದನ್ನು ಕಣ್ಣಾರೆ ಕಂಡಿದ್ದ. ಹೋಟೆಲಿನ ಮೇಜಿನಲ್ಲಿ ಅವನು ಅದನ್ನು ಹೇಳುವಾಗ ತಮಾಷೆಯಿರಲಿಲ್ಲ.

"ಹಾರಿದ ಮೇಷ್ಟ್ರೇ. ಸುಳ್ಳಲ್ಲ. ಟಾರ್ಪಾಲಿನ ಅಡಿಗೆ ಗಾಳಿ ಹೊಕ್ಕಿತು, ಅದು ಹೊಟ್ಟೆ ಉಬ್ಬಿಸ್ಕೊಂಡು ಎದ್ದಿತು, ಅದರ ಜೊತೆ ಇವನೂ ಎದ್ದ. ಒಂದು ಗಳಿಗೆ ಅವನ ಬೂಟಿನ ಅಡಿ ನಂಗೆ ಕಾಣಿಸ್ತು."

"ಬಿಡು ಅಂತ ನೀನು ಕೂಗಲಿಲ್ಲವೇನಪ್ಪ?"

ಡೆಲ್‌ಬರ್ಟ್ ಸಕ್ಕರೆಯ ಡಬ್ಬಿಯನ್ನು ಸುಮ್ಮನೆ ಆ ಕಡೆಯಿಂದ ಈ ಕಡೆಗೆ ಇಟ್ಟ. "ಇಲ್ಲ. ಆ ಮಾತು ಬಾಯಿಗೇ ಬರಲಿಲ್ಲ. ನಾನಿದ್ರೂ ಬಿಡ್ತಿರಲಿಲ್ಲ."

ಎಮಿಲ್ ಕಾಂಕ್ರೀಟಿನ ಮೇಲೆ ಬೆನ್ನು ಕೊಟ್ಟು ಬಿದ್ದ. ಆಸ್ಪತ್ರೆಯವರು ಬಂದು ಎತ್ತುವಾಗಲೂ ಅಂಚಿನ ಒಂದು ಹಿಡಿ ಅವನ ಮುಷ್ಟಿಯಲ್ಲಿತ್ತು; ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಬೆನ್ನುಮೂಳೆಯ ಎರಡು ಮಣಿಗಳು ಒಡೆದಿದ್ದವು. ಅವುಗಳನ್ನು ಉಕ್ಕಿನ ಸರಳಿನಿಂದಲೂ ತಿರುಪುಗಳಿಂದಲೂ ಜೋಡಿಸಿ ಕಳುಹಿಸಿದರು. ನಡೆಯಬಲ್ಲ, ಆದರೆ ಮತ್ತೆ ಹೊರೆ ಕಟ್ಟಬಲ್ಲನೋ ಇಲ್ಲವೋ ಅದು ಅವನ ಸ್ನಾಯುಗಳಿಗೂ ಅವನ ಬುದ್ಧಿಗೂ ಬಿಟ್ಟದ್ದು ಎಂದರು ಡಾಕ್ಟರು. ಕಂಪನಿಯ ಒಡತಿ ಅರ್ಲೀನ್ ಗಂಡ ತೀರಿಕೊಂಡ ಮೇಲೆ ಆ ಲಾರಿಗಳನ್ನೆಲ್ಲ ಒಬ್ಬಳೇ ನಡೆಸಿಕೊಂಡು ಬಂದವಳು, ಮಾತು ಒರಟು, ಮನಸ್ಸು ಹಾಗಲ್ಲ. ಅವಳು ಎಮಿಲನ ಮನೆಗೇ ಬಂದು ಕಚೇರಿಯಲ್ಲಿ ಲಾರಿಗಳನ್ನು ಅಲ್ಲಿ ಇಲ್ಲಿ ಕಳುಹಿಸುವ ಕೆಲಸ ಕೊಡುವುದಾಗಿ ಹೇಳಿದಳು. ಆ ದಿನ ನಾನೂ ಅಲ್ಲಿದ್ದೆ.

"ಒಳ್ಳೆ ಕುರ್ಚಿ ಕೊಡ್ತೀನಿ ಎಮಿಲ್. ಹೊಸದು. ಅಡೀಲಿ ಚಕ್ರ ಇದೆ."

"ಅಷ್ಟು ಸಣ್ಣ ಚಕ್ರದ ಮೇಲೆ ನಾನು ಎಲ್ಲಿಗೆ ಹೋಗ್ಲಿ ಅರ್ಲೀನ್?"

"ನಿನ್ನ ಲಾರಿ ನಿಂತಲ್ಲೇ ನಿಂತಿದೆ. ನಾನು ಎಷ್ಟು ದಿನ ಅಂತ ನಿಲ್ಲಿಸ್ಲಿ?"

"ಸುಗ್ಗಿ ಶುರುವಾಗೋವರೆಗೆ ನಿಲ್ಸು."

ಅರ್ಲೀನ್ ಒಪ್ಪಿದಳು, ಆದರೆ ಕರಾರು ಹಾಕಿ. ಸುಗ್ಗಿಗೆ ಮೊದಲು ಅವನು ಕಂಪನಿಯ ಅಂಗಳದಲ್ಲಿ ಎಲ್ಲ ಕೆಲಸವನ್ನೂ ಮಾಡಿ ತೋರಿಸಬೇಕು: ಕ್ಯಾಬಿನ್ನು ಹತ್ತಿ ಇಳಿಯುವುದು, ಸರಪಳಿ ಬಿಗಿಯುವುದು, ಒಂದು ಹೊರೆಗೆ ಪೂರ್ತಿಯಾಗಿ ಟಾರ್ಪಾಲು ಹೊದಿಸುವುದು. ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ನಿಂತು ನೋಡಿ ಆಗಬಹುದೆಂದರೆ ಲಾರಿ ಅವನದು. ಇಲ್ಲವಾದರೆ ಲಾರಿ ಬೇರೊಬ್ಬನದು, ಚಕ್ರದ ಕುರ್ಚಿ ಅವನದು. ಅವಳ ಹಿಂದೆ ಬಾಗಿಲು ಮುಚ್ಚಿಕೊಂಡ ಮೇಲೆ ಎಮಿಲ್ ಗೋಡೆಗೆ ಒರಗಿಕೊಂಡ. ಅವನ ಮುಖ ಅಷ್ಟು ಬಿಳುಪಾಗಿದ್ದುದನ್ನು ನಾನು ಆಸ್ಪತ್ರೆಯಲ್ಲಿ ಕೂಡ ಕಂಡಿರಲಿಲ್ಲ.

ಆ ಫಿಸಿಯೋಥೆರಪಿಸ್ಟ್ ಡೊರೀನ್ ಹಿರಾನೊ ಎಂಬ ಹುಡುಗಿ, ಪಶ್ಚಿಮದ ಬೀಟ್ ಬೆಳೆಯುವ ಹೊಲಗಳ ಕಡೆಯವಳು, ಎಮಿಲನ ಮಗಳಿಗಿಂತ ಚಿಕ್ಕವಳು, ಅತ್ಯಂತ ಮೃದುವಾಗಿ ಮಾತನಾಡಿ ಅತ್ಯಂತ ಕಠಿಣವಾಗಿ ದುಡಿಸುವವಳು. ಮೊದಲ ದಿನವೇ ಅವಳು ಕಂಪನಿಯ ಅಂಗಳದಲ್ಲಿ ಅವನನ್ನು ಕ್ಯಾಬಿನ್ನಿಗೆ ಹತ್ತಿಸಿ ಇಳಿಯಲು ಹೇಳಿದಳು. ಅವನು ಮೂವತ್ತು ವರ್ಷದ ರೂಢಿಯಂತೆ ಬಾಗಿಲು ತೆಗೆದು ನೆಲಕ್ಕೆ ಹಾರಲು ಹೋದ.

"ಹಂಗಲ್ಲ ಕೊವಾರಿಕ್ ಅವ್ರೇ. ಮುಖ ಲಾರಿ ಕಡೆ. ಹಿಡಿ ಹಿಡ್ಕೊಂಡು, ಒಂದೊಂದೇ ಮೆಟ್ಲು."

"ನೋಡಮ್ಮ, ಹಂಗೆ ಇಳಿದ್ರೆ ನನ್ನ ಜನ ನಗ್ತಾರೆ."

"ನಗ್ಲಿ. ಅವ್ರೂ ಒಂದಿನ ನನ್ನ ಹತ್ರ ಬರ್ತಾರೆ."

ಜನ ನಕ್ಕರು. ಡೆಲ್‌ಬರ್ಟ್ ಆ ಅವಕಾಶವನ್ನು ಬಿಟ್ಟುಕೊಡುವವನಲ್ಲ.

"ಏನೋ ಎಮಿಲ್, ಅಜ್ಜಿ ಅಟ್ಟದಿಂದ ಇಳಿದಂಗೆ ಇಳಿತಿದೀಯ."

"ನಮ್ಮಜ್ಜಿ ಸಾಯೋವರೆಗೂ ಅಟ್ಟ ಹತ್ತಿ ಇಳೀತಿದ್ಲು ಕಣೋ. ನೀನು ಚರ್ಚಿನ ಮೆಟ್ಲು ನೋಡಿದ್ರೆ ಅಳ್ತೀಯ."

ಹೀಗೆ ಬೇಸಿಗೆ ಕಳೆಯತೊಡಗಿತು. ಮರಳಿನ ಚೀಲಗಳನ್ನು ಎತ್ತಿದ, ಇಳಿಸಿದ. ನೆಲದ ಮೇಲೆ ಮಲಗಿ ಕಾಲುಗಳನ್ನು ಎತ್ತಿದ. ಟಾರ್ಪಾಲನ್ನು ಹೆಗಲಿಗೆ ಹೊರದೆ ಹಗ್ಗ ಹಾಕಿ ಮೇಲಕ್ಕೆಳೆಯುವುದನ್ನು ಕಲಿತ. ದಿನವೂ ಬೆಳಗ್ಗೆ ಊರ ಸುತ್ತ ನಡೆಯಬೇಕೆಂಬುದು ಡೊರೀನಳ ಅಪ್ಪಣೆ. ಆ ನಡಿಗೆಯಲ್ಲಿ ಜೊತೆಗೂಡುವ ಭಾಗ್ಯ ನನ್ನದಾಯಿತು. ಧಾನ್ಯದ ಕಣಜಗಳ ನೆರಳಿನಲ್ಲಿ, ಜೋಳದ ಹೊಲಗಳ ಅಂಚಿನಲ್ಲಿ ನಾವಿಬ್ಬರು ನಡೆದಾಡಿದ ಆ ಮುಂಜಾವುಗಳನ್ನು ನೆನೆದರೆ ಈಗಲೂ ನನ್ನ ಮನಸ್ಸು ತಂಪಾಗುತ್ತದೆ. ಒಂದು ದಿನ ಅವನು ರೈಲುಹಳಿಯ ಬಳಿ ನಿಂತು, ತನ್ನ ಬಲಗೈಯನ್ನು ಮುಂದೆ ಚಾಚಿ, ಅದು ಬೇರೆ ಯಾರದೋ ಎನ್ನುವಂತೆ ನೋಡಿದ.

"ಹಿಂದಿನೋನು ಸರಿಹೋಗ್ತಾನೆ ಮೇಷ್ಟ್ರೇ. ಅವನ ಭಯ ಇಲ್ಲ. ಈ ಕೈದೇ ಭಯ."

"ಕೈಗೆ ಏನಾಗಿದೆ?"

"ಬಿಚ್ಚಲ್ಲ. ಆ ದಿನ ಬಿಡಬೇಕು ಅಂತ ನಂಗೆ ಗೊತ್ತಾಯ್ತು. ಮೇಲೆ ಏಳ್ತಾ ಇರುವಾಗ್ಲೇ ಗೊತ್ತಾಯ್ತು. ತಲೆ ಬಿಡು ಅಂತು, ಕೈ ಕೇಳಲಿಲ್ಲ. ಮತ್ತೆ ಗಾಳಿ ಬಂದ್ರೆ ಮತ್ತೆ ಹಿಡ್ಕೊಳ್ಳುತ್ತೆ. ಇನ್ನೊಂದು ಸಲ ಬಿದ್ರೆ ಈ ತಿರುಪುಗಳು ತಡಿಯಲ್ಲ ಅಂತ ಆ ಹುಡುಗಿ ಹೇಳಿದಾಳೆ."

ಈ ಸಂಗತಿಯನ್ನು ಅವನು ಹೆಂಡತಿಗೂ ಹೇಳಿದ್ದನೆಂದು ಕಾಣುತ್ತದೆ. ಲಾವೋನ್ ಅತ್ತು ಕರೆದು ಮಾಡುವ ಹೆಂಗಸಲ್ಲ. ಅವಳು ಶಾಲೆಯ ಅಡುಗೆಮನೆಯಲ್ಲಿ ತಲೆಮಾರುಗಳಿಗೆ ಮಾಂಸದ ಚಿಲಿ ಸಾರನ್ನೂ ದಾಲ್ಚಿನ್ನಿ ರೋಲನ್ನೂ ಬಡಿಸಿದವಳು; ಸಮಸ್ಯೆ ಬಂದರೆ ಕರವಸ್ತ್ರ ತೆಗೆಯುವವಳಲ್ಲ, ಅಂಗಿಯ ತೋಳನ್ನು ಮೇಲಕ್ಕೇರಿಸುವವಳು. ಗಂಡ ಮನೆಯಲ್ಲೇ ಉಳಿದರೆ ನಿನಗೆ ಸಂತೋಷವಲ್ಲವೇ ಎಂದು ನಾನು ಕೇಳಿದ್ದಕ್ಕೆ, "ಎಲ್ಲಾರೂ ಹಂಗೇ ಅಂದ್ಕೊಂಡಿದಾರೆ ಮೇಷ್ಟ್ರೇ. ಅಡುಗೆಮನೇಲಿ ಲಾರಿ ನಿಲ್ಲಿಸಿದಂಗಾಗಿದೆ. ಎಲ್ಲಿ ತಿರುಗಿದ್ರೂ ಅವನೇ ನಿಂತಿರ್ತಾನೆ" ಎಂದಳು. ಆಮೇಲೆ ದನಿ ತಗ್ಗಿಸಿ, "ಅವನು ಕಿಟಕಿಯಿಂದ ಹೆದ್ದಾರಿ ನೋಡೋದನ್ನ ನೋಡೋಕಾಗಲ್ಲ ನಂಗೆ" ಎಂದು ಸೇರಿಸಿದಳು.

ಒಗೆದ ಹಾಸಿಗೆ ಬಟ್ಟೆಗಳನ್ನು ಅವಳು ಹಿತ್ತಿಲಿನಲ್ಲಿ ತಂತಿಯ ಮೇಲೆ ಒಣಹಾಕುತ್ತಿದ್ದಳು. ನಮ್ಮ ಕಡೆಯ ಗಾಳಿಯೋ, ಮನೆಗಳನ್ನೇ ಹೊತ್ತುಕೊಂಡು ಹೋಗುವಂಥದು. ಒಂದು ಮಧ್ಯಾಹ್ನ ನಾನು ಬೇಲಿಯ ಹತ್ತಿರ ಬಂದಾಗ ಕಂಡ ದೃಶ್ಯವಿದು: ಎಮಿಲ್ ಹುಲ್ಲಿನ ಮೇಲೆ ಕಾಲಗಲಿಸಿ ನಿಂತು ದೊಡ್ಡ ಬಿಳಿಯ ಹೊದಿಕೆಯೊಂದನ್ನು ಎರಡು ಕೈಗಳಿಂದ ಗಾಳಿಗೆ ಹಿಡಿದಿದ್ದಾನೆ, ಅದು ಹಾಯಿಯಂತೆ ಉಬ್ಬಿ ಅವನನ್ನು ಜಗ್ಗುತ್ತಿದೆ, ಲಾವೋನ್ ಪಕ್ಕದಲ್ಲಿ ನಿಂತು ಆಜ್ಞೆ ಕೊಡುತ್ತಿದ್ದಾಳೆ.

"ಬಿಡು."

ಅವನು ಬಿಡಲಿಲ್ಲ.

"ಬಿಡು ಅಂದ್ನಲ್ಲ."

"ಬಿಡ್ತೀನಿ ಕಣೆ, ತಾಳು."

"ತಾಳೋಕೆ ಗಾಳಿ ನಿಮ್ಮಪ್ಪಂದಾ? ಬಿಡು."

ಚರ್ರೆಂದು ಹೊದಿಕೆ ನಡುವಿನಲ್ಲಿ ಹರಿಯಿತು. ಅದು ಅವರ ಮದುವೆಗೆ ಅವಳ ತಾಯಿ ಕೊಟ್ಟದ್ದಂತೆ. ಲಾವೋನ್ ಒಂದು ನಿಮಿಷ ಆ ಎರಡು ತುಂಡುಗಳನ್ನು ನೋಡಿ, ಬುಟ್ಟಿಯಿಂದ ಇನ್ನೊಂದನ್ನು ತೆಗೆದು ಅವನ ಕೈಗೆ ಕೊಟ್ಟಳು. ಆ ತಿಂಗಳೆಲ್ಲ ಹಿತ್ತಿಲಿನಲ್ಲಿ ಈ ಪಾಠ ನಡೆಯಿತು. ಕೆಲವು ದಿನ ಬಟ್ಟೆ ಹರಿಯಿತು, ಕೆಲವು ದಿನ ನೆರೆಯವರ ಹುರುಳಿಕಾಯಿ ಚಪ್ಪರದ ಮೇಲೆ ಹೋಗಿ ಕೂತಿತು. ಹರಿದವೇ ಹೆಚ್ಚು.

ಪರೀಕ್ಷೆಯ ದಿನ ಸೆಪ್ಟೆಂಬರಿನ ಮೊದಲಲ್ಲಿ ಬಂತು, ದಕ್ಷಿಣದ ಗಾಳಿಯೊಂದಿಗೆ. ಅರ್ಲೀನಳ ಅಂಗಳದ ಪಕ್ಕಕ್ಕೇ ಜಾನುವಾರು ಹರಾಜಿನ ಕಟ್ಟೆಯಿದೆ. ಅಂದು ಅಲ್ಲಿ ಹಂದಿಗಳ ಸಂತೆ, ಅವುಗಳ ಗಲಾಟೆಯಿಂದ ಮಾತೇ ಕೇಳಿಸದಂತಾಗಿತ್ತು. ಊರಿನಲ್ಲಿದ್ದ ಡ್ರೈವರುಗಳೆಲ್ಲ ಬೇಲಿಗೆ ಒರಗಿ ನಿಂತಿದ್ದರು. ದಿನವನ್ನು ಮುಂದೂಡೋಣವೇ ಎಂದು ಡೊರೀನ್ ಕೇಳಿದಳು. "ರಸ್ತೇಲಿ ಯಾರನ್ನ ಕೇಳಿ ಮುಂದೂಡ್ಲಮ್ಮ?" ಎಂದ ಎಮಿಲ್.

ಕ್ಯಾಬಿನ್ನಿಗೆ ಹತ್ತಿದ, ಲಾರಿಗೆ ಮುಖಮಾಡಿ ಒಂದೊಂದೇ ಮೆಟ್ಟಿಲಾಗಿ ಇಳಿದ. ಈ ಸಲ ಯಾರೂ ನಗಲಿಲ್ಲ. ಸರಪಳಿಗಳನ್ನು ತೂಗಿ ಎಸೆದು, ಸನ್ನೆಗೋಲನ್ನು ತೋಳಿನಿಂದಲ್ಲ, ಮೈಭಾರದಿಂದ ಒತ್ತಿ ಬಿಗಿದ. ಟಾರ್ಪಾಲನ್ನು ಹಗ್ಗದಿಂದ ಮೇಲೆಳೆದುಕೊಂಡು, ಜೋಡಿಸಿಟ್ಟ ಮರದ ಹೊರೆಯ ಮೇಲೆ ನಿಂತು, ಅಂಚನ್ನು ಹಿಡಿದು ಹಿಂದೆ ಹಿಂದೆ ಬಿಚ್ಚುತ್ತ ನಡೆಯತೊಡಗಿದ. ಅರ್ಧಕ್ಕೆ ಬಂದಿದ್ದ. ಆಗ ಕಣಜಗಳ ನಡುವಿನ ಸಂದಿಯಿಂದ ಗಾಳಿ ನುಗ್ಗಿತು.

ಟಾರ್ಪಾಲು ಉಸಿರೆಳೆದುಕೊಂಡಂತೆ ಉಬ್ಬಿ ಎದ್ದಿತು. ಎಮಿಲನ ತೋಳುಗಳು ಸೆಟೆದವು. ಅವನ ಹಿಮ್ಮಡಿಗಳು ಮರದಿಂದ ಮೇಲೇಳುವುದನ್ನು ನಾವೆಲ್ಲರೂ ಕಂಡೆವು. ನನ್ನ ಪಕ್ಕದಲ್ಲಿದ್ದ ಲಾವೋನ್ ಬಾಯಿ ತೆರೆದಳು, ಆದರೆ ಅವಳಿಗಿಂತ ಮೊದಲು ಕೂಗಿದವನು ಡೆಲ್‌ಬರ್ಟ್.

"ಬಿಡೋ ಎಮಿಲ್. ಬಿಡೋ."

ಎಮಿಲನ ಎರಡು ಕೈಗಳೂ ಬಿಚ್ಚಿದವು. ಅವನು ಹೊರೆಯ ಮೇಲೆ ಕುಕ್ಕರುಗಾಲಿನಲ್ಲಿ ಇಳಿದು, ಅಂಗೈಗಳನ್ನೂರಿಕೊಂಡ. ಟಾರ್ಪಾಲು ಮಾತ್ರ ನೆಗೆದು, ಅರ್ಲೀನಳ ಕಾರಿನ ಮೇಲಿಂದ, ನಮ್ಮೆಲ್ಲರ ಟೋಪಿಗಳ ಮೇಲಿಂದ, ಒಂದು ಮಹಾ ಕರಿಯ ಹಕ್ಕಿಯಂತೆ ರೆಕ್ಕೆ ಬಡಿಯುತ್ತ ಹಾರಿಹೋಗಿ ಹಂದಿಗಳ ದೊಡ್ಡಿಯ ಮೇಲೆ ಪೂರ್ತಿಯಾಗಿ ಕವಿದು ಬಿದ್ದಿತು. ಬೆಳಗಿನಿಂದ ಕಿವಿ ಕಿತ್ತುಹೋಗುವಂತೆ ಕಿರುಚುತ್ತಿದ್ದ ಹಂದಿಗಳು ತಟ್ಟನೆ ಮೌನವಾದವು. ರಾತ್ರಿಯಾಯಿತೆಂದು ಅವಕ್ಕೆ ಅನಿಸಿರಬೇಕು. ಆ ನಿಶ್ಶಬ್ದದಲ್ಲಿ ಹರಾಜು ಕೂಗುವವನೂ ಮಾತು ಮರೆತ.

ಎಮಿಲ್ ಎದ್ದು ನಿಂತು ತನ್ನ ಖಾಲಿ ಕೈಗಳನ್ನು ನೋಡಿಕೊಂಡ. ಆಮೇಲೆ ನಕ್ಕ. ಅವನು ಹಾಗೆ, ಹೆಗಲು ಕುಲುಕಿ ನಕ್ಕದ್ದನ್ನು ನಾನು ಅವನು ಹುಡುಗನಾಗಿದ್ದಾಗಿನಿಂದ ಕಂಡಿರಲಿಲ್ಲ.

"ಮುಗೀತು ಬಿಡು" ಎಂದ ಡೆಲ್‌ಬರ್ಟ್. "ಇನ್ಮೇಲೆ ನೀನೇ ಗಾಳಿಪಟ."

"ಗಾಳಿಪಟ ಅಲ್ಲಿ ಹಂದಿಗಳ ಮೇಲಿದೆ ಕಣೋ. ನಾನು ಇಲ್ಲೇ ನಿಂತಿದೀನಲ್ಲ." ಆಮೇಲೆ ಆ ಅಂಗಳದಲ್ಲಿ ಅದುವರೆಗೆ ಯಾರೂ ಆಡದ ಮಾತನ್ನು ಅವನು ಆಡಿದ: "ಹೋಗಿ ತರೋಣ ಬಾ. ಆ ಕಡೆ ತುದಿ ನೀನು ಹಿಡ್ಕೋ."

ಡೆಲ್‌ಬರ್ಟ್ ವ್ಯೋಮಿಂಗಿನ ಭುಜವನ್ನೂ ಟೆನೆಸಿಯ ಮೊಣಕಾಲನ್ನೂ ಮರೆತವನಂತೆ ಬೇಲಿಯನ್ನು ಹತ್ತಿಯೇಬಿಟ್ಟ. ಅವನ ಹಿಂದೆ ಉಳಿದವರು ಹೋದರು. ಕೆಸರಿನಲ್ಲಿ, ನಗುವಿನಲ್ಲಿ, ಬೈಗುಳದಲ್ಲಿ ಆ ಟಾರ್ಪಾಲನ್ನು ಎಳೆದು ತಂದು, ಎಮಿಲ್ ಒಂದು ತುದಿ ಹಿಡಿದು, ಡೆಲ್‌ಬರ್ಟ್ ಇನ್ನೊಂದು ತುದಿ ಹಿಡಿದು, ಹೊರೆಯನ್ನು ಸುಕ್ಕಿಲ್ಲದಂತೆ ಹೊದಿಸಿ ಕಟ್ಟಿದರು. ಅಂಗಳವೆಲ್ಲ ಹಂದಿಯ ವಾಸನೆ.

ಅರ್ಲೀನ್ ಡೊರೀನಳ ಕಡೆಗೆ ತಿರುಗಿದಳು. "ಇದೇನು ಲೆಕ್ಕ? ಇನ್ನೊಬ್ಬ ಕೈ ಹಾಕಿದ್ನಲ್ಲ. ಒಬ್ನೇ ಮಾಡ್ಬೇಕು ಅಂತ ಅಲ್ವಾ ಇದ್ದಿದ್ದು?"

"ಒಬ್ರೇ ಅಂತ ನಾನು ಹೇಳಿರಲಿಲ್ಲ" ಎಂದಳು ಡೊರೀನ್ ಮೆಲ್ಲಗೆ. "ನನ್ನ ಪರೀಕ್ಷೆ ಅವ್ರು ಕೈ ಬಿಟ್ಟಾಗ್ಲೇ ಮುಗೀತು. ಎತ್ತೋದು, ಎಳೆಯೋದು ಎಲ್ಲಾರೂ ಮಾಡ್ತಾರೆ. ನಾನು ಇಷ್ಟು ವರ್ಷದಲ್ಲಿ ಎಷ್ಟೋ ಡ್ರೈವರ್‌ಗಳನ್ನ ನೋಡಿದೀನಿ, ಬಿಟ್ಟೋರನ್ನ ನೋಡಿದ್ದು ಇವತ್ತೇ. ಇವ್ರನ್ನ ಕಳಿಸಿ. ಇವ್ರು ವಾಪಸ್ ಬರ್ತಾರೆ."

ಅರ್ಲೀನ್ ತನ್ನ ಕಾರಿನ ಮೇಲೆ ಟಾರ್ಪಾಲು ಎಳೆದುಹೋಗಿದ್ದ ಗೀರನ್ನು ಬೆರಳಿನಿಂದ ಸವರಿ ನೋಡಿದಳು, ಏನೋ ಬೈದಳು, ಆಮೇಲೆ ಜೇಬಿನಿಂದ ಲಾರಿಯ ಬೀಗದ ಕೈಯನ್ನು ತೆಗೆದು ಎಮಿಲನಿಗೆ ಎಸೆದಳು. ಅವನು ಅದನ್ನು ಒಂದೇ ಕೈಯಲ್ಲಿ ಹಿಡಿದ. ಲಾವೋನ್ ಆಗಲೂ ಅಳಲಿಲ್ಲ. "ನನ್ನ ಹಾಸಿಗೆ ಬಟ್ಟೆ ಎಲ್ಲಾ ಹೊಸದಾಗಿ ತರಬೇಕು" ಎಂದಷ್ಟೇ ಹೇಳಿ, ಕನ್ನಡಕ ತೆಗೆದು, ಅದರ ಗಾಜನ್ನು ಬಹಳ ಹೊತ್ತು ಒರೆಸಿದಳು.

ಮುಂದಿನ ಸೋಮವಾರ ಅವನು ಒಕ್ಕಲು ಯಂತ್ರವೊಂದನ್ನು ಹೇರಿಕೊಂಡು ವಾಷಿಂಗ್ಟನ್ ರಾಜ್ಯದ ಗೋಧಿಯ ಸೀಮೆಗೆ ಹೊರಟ. ಅಂಗಳದಲ್ಲಿದ್ದ ಪ್ರತಿಯೊಂದು ಲಾರಿಯೂ ಹಾರ್ನು ಹೊಡೆಯಿತು. ಶಾಲೆಯ ಕಿಟಕಿಗಳು ಅದುರಿದವೆಂದು ನನ್ನ ಜಾಗಕ್ಕೆ ಬಂದಿದ್ದ ಹೊಸ ಉಪಾಧ್ಯಾಯಿನಿ ದೂರು ಹೇಳಿದಳು. ಅದು ದೂರಲ್ಲ, ಶುಭವಾರ್ತೆ ಎಂದು ನಾನು ಅವಳಿಗೆ ಸಮಾಧಾನ ಹೇಳಿದೆ. ಆ ಚಳಿಗಾಲದಲ್ಲಿ ಅರ್ಲೀನಳ ಅಂಗಳದಲ್ಲಿ ಯಾರೂ ಸಾರಿ ಹೇಳದೆಯೇ ಕಟ್ಟಳೆಗಳು ಬದಲಾದವು. "ಲೇ, ಈ ತುದಿ ಹಿಡಿ" ಎಂಬುದು "ಕಾಫಿ ಆಯ್ತಾ" ಎಂಬಷ್ಟು ಸಾಮಾನ್ಯವಾದ ಮಾತಾಯಿತು. ಲಾರಿಗೆ ಮುಖಮಾಡಿ ಇಳಿಯುವವರು ಒಬ್ಬೊಬ್ಬರಾಗಿ ಹೆಚ್ಚಿದರು. ಕೊನೆಯವನು ಡೆಲ್‌ಬರ್ಟ್, ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು. ಈಗ ಕೆಲಸಕ್ಕೆ ಸೇರುವ ಎಳೆಯರು ಇದೆಲ್ಲ ಮೊದಲಿನಿಂದಲೂ ಹೀಗೇ ಇತ್ತೆಂದು ತಿಳಿದಿದ್ದಾರೆ. ಎಮಿಲ್ ಅವರನ್ನು ತಿದ್ದುವ ಗೋಜಿಗೆ ಹೋಗಿಲ್ಲ. ಅವನು ಆಮೇಲೆ ಹತ್ತು ವರ್ಷಕ್ಕೂ ಮಿಕ್ಕಿ ಲಾರಿ ಓಡಿಸಿ, ಹೋದ ವರ್ಷ ತಾನಾಗಿಯೇ ಇಷ್ಟಪಟ್ಟು ನಿವೃತ್ತನಾದ.

ನಾನು ಬದುಕಿನ ಬಹುಪಾಲನ್ನು ಕಲಿಸುವುದರಲ್ಲಿ ಕಳೆದವನು. ಕಲಿಯುವವರನ್ನು ನಾನು ಬಹಳ ಕಂಡಿದ್ದೇನೆ, ಆದರೆ ಅವರಲ್ಲಿ ಹೆಚ್ಚಿನವರು ಮಕ್ಕಳು. ಅವರಿಗೆ ಕಳೆದುಕೊಳ್ಳಲು ಇನ್ನೂ ಏನೂ ಇರುವುದಿಲ್ಲ. ಮೂವತ್ತು ವರ್ಷ ಒಂದು ಕೆಲಸವನ್ನು ಒಂದೇ ರೀತಿಯಲ್ಲಿ ಮಾಡಿ, ಅದರಿಂದಲೇ ಹೆಸರು ಗಳಿಸಿ, ಅದರಿಂದಲೇ ಮೈ ಮುರಿದುಕೊಂಡು, ಆಮೇಲೆ ತನ್ನ ಜೊತೆ ಕೆಲಸದವರೆಲ್ಲ ಬೇಲಿಗೊರಗಿ ನೋಡುತ್ತಿರುವಾಗ, ಮಗಳ ವಯಸ್ಸಿನವಳೊಬ್ಬಳಿಂದ ಕಲಿತ ಪಾಠವನ್ನು ಒಪ್ಪಿಸುವುದು ಬೇರೆಯದೇ ವಿದ್ಯೆ. ದೇಶದ ಮನೆಗಳಿಗೆ ಮರವನ್ನೂ ಹೊಲಗಳಿಗೆ ಯಂತ್ರವನ್ನೂ ಹೊತ್ತುತರುವ ಈ ಜನರ ಬೆನ್ನುಗಳ ಬಗ್ಗೆ ನಾವು ಯೋಚಿಸುವುದು ಅಪರೂಪ. ಯೋಚಿಸಿದರೂ ಅವರ ಸಹನೆಯನ್ನೇ ಹೊಗಳಿ ಸುಮ್ಮನಾಗುತ್ತೇವೆ. ಆದರೆ ಸಹಿಸುವುದು ಅವರಿಗೆ ಸುಲಭವಾಗಿಯೇ ಬರುತ್ತದೆ. ಅವರಲ್ಲಿ ನಿಜವಾಗಿ ದೊಡ್ಡವರು ನಡುವಯಸ್ಸಿನಲ್ಲಿ, ಹಾಡುಹಗಲಿನಲ್ಲಿ, ನಗುವವರ ಎದುರಿಗೇ ಮತ್ತೆ ವಿದ್ಯಾರ್ಥಿಗಳಾಗಬಲ್ಲವರು. ಅಂಥವರು ಊರಿಗೊಬ್ಬರಿದ್ದರೂ ಸಾಕು, ಉಳಿದವರೆಲ್ಲ ಅವರ ಹಿಂದೆ ತೇರ್ಗಡೆಯಾಗುತ್ತಾರೆ.